ಮೀನೆಣ್ಣೆಗಳೆಲ್ಲ ಒಂದೇ ಅಲ್ಲ

ಗರ್ಭಿಣಿಯರು ವೈದ್ಯರನ್ನು ಕೇಳದೆ ಅಂಗಡಿಯಿಂದ ಮೀನೆಣ್ಣೆ ಕ್ಯಾಪ್ಸೂಲ್ ಕೊಂಡು ಸೇವಿಸುವುದು ಅಪಾಯಕ್ಕೆ ಎಡೆಮಾಡಬಹುದು. ನಾಲ್ಕು ತಿಂಗಳ ಗರ್ಭಿಣಿಯಾದ ನನ್ನ ಸೊಸೆ ಇತ್ತೀಚೆಗೆ ಔಷಧ ಅಂಗಡಿಯೊಂದರಲ್ಲಿ ಮೀನೆಣ್ಣೆ ಕೇಳಿದಾಗ ಕೈಗೆ ಬಂದದ್ದು ಕಾಡ್ ಲಿವರ್ ಆಯಿಲ್, ಅಂದರೆ ಕಾಡ್ ಮೀನಿನ ಯಕೃತ್ತಿನ ಎಣ್ಣೆ. ಡಬ್ಬಿಯ ಮೇಲಿನ ಅಕ್ಷರವೋ ಭೂತಗನ್ನಡಿ ಬೇಡುವಷ್ಟು ಸಣ್ಣದು, ಅದೂ ಇಂಗ್ಲಿಷಿನಲ್ಲಿ!

ಎರಡೂ ಮೀನಿನಿಂದಲೇ ಬಂದರೂ ಗುಣ ಬೇರೆ. ಮೀನಿನ ಮೈಯಿಂದ ತೆಗೆದ ಎಣ್ಣೆಯಲ್ಲಿರುವ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಮಗುವಿನ ಮಿದುಳು, ಕಣ್ಣುಗಳ ಬೆಳವಣಿಗೆಗೆ ಬೇಕು. ದಿನಕ್ಕೆ ಕನಿಷ್ಠ 200 ಮಿಲಿಗ್ರಾಂ ಸಿಗಬೇಕೆಂಬುದು ತಜ್ಞರ ಸಲಹೆ. ಮೀನಿನ ಯಕೃತ್ತಿನ ಎಣ್ಣೆಯಲ್ಲಾದರೆ ರೆಟಿನಾಲ್ ರೂಪದ ವಿಟಮಿನ್ ಎ ತುಂಬಿರುತ್ತದೆ. ಅದು ಅತಿಯಾದರೆ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಶಿಶುವಿಗೆ ಜನ್ಮದೋಷ ಉಂಟಾಗುವ ಸಂಭವವಿದೆ. ಜೊತೆಗೆ ಮಲ್ಟಿವಿಟಮಿನ್ ಮಾತ್ರೆಯೂ ಇದ್ದರೆ ಪ್ರಮಾಣ ಇನ್ನಷ್ಟು ಏರುತ್ತದೆ. ರಕ್ತ ತೆಳುವಾಗಿಸುವ ಔಷಧಿ ಪಡೆಯುತ್ತಿರುವವರಂತೂ ಯಾವ ಮೀನೆಣ್ಣೆಯನ್ನೂ ತಾವಾಗಿಯೇ ಆರಂಭಿಸಬಾರದು. ಅಷ್ಟಕ್ಕೂ ಚಾರ್ಮಾಡಿ ಘಾಟಿ ಹತ್ತಿ ನಮ್ಮೂರ ಸಂತೆಗೆ ಬರುವ ಬೂತಾಯಿ, ಬಂಗುಡೆಯಲ್ಲಿ ಇದೇ ಒಮೆಗಾ-3 ಧಾರಾಳವಾಗಿದೆ. ಮೀನು ತಿನ್ನುವ ಮನೆಗಳಿಗೆ ಕ್ಯಾಪ್ಸೂಲಿನ ಹಂಗು ಅಷ್ಟಾಗಿ ಇಲ್ಲ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಅಂದು ಅವರು ಹೊರಗಿನಿಂದ ಕೊಂಡು ಸೇವಿಸುತ್ತಿರುವ ಮಾತ್ರೆಗಳನ್ನೂ ವಿಚಾರಿಸಿ ತಾಯಿ ಕಾರ್ಡಿನಲ್ಲಿ ದಾಖಲಿಸಬೇಕು. ಎರಡು ಎಣ್ಣೆಗಳ ವ್ಯತ್ಯಾಸ ತಿಳಿಸುವ ಕನ್ನಡ ಫಲಕವನ್ನು ಔಷಧ ಅಂಗಡಿಗಳಲ್ಲಿ ಹಾಕಿಸಲು ಜಿಲ್ಲಾ ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಲಿ.

– ಓದುಗರೊಬ್ಬರು, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ