ಆ ಫೋನ್ ಎತ್ತಲು ಒಬ್ಬರನ್ನು ನೇಮಿಸಿ: ಆರೋಗ್ಯ ಸಚಿವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನನ್ನ ಮಗಳಿಗೆ ಎಂಕ್ಯಾಡ್ ಕೊರತೆ ಎಂಬ ಕಾಯಿಲೆ ಇದೆ. ಕೊಬ್ಬನ್ನು ಶಕ್ತಿಯಾಗಿ ಬದಲಿಸುವ ಒಂದು ಕಿಣ್ವ ಅವಳ ಮೈಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊಟ್ಟೆಗೆ ಸರಿಯಾಗಿ ತಿಂದಿದ್ದರೆ ಎಲ್ಲ ಮಕ್ಕಳ ಹಾಗೆ ಓಡಾಡುತ್ತಾಳೆ. ಜ್ವರ, ವಾಂತಿ ಬಂದು ಊಟ ಸೇರದಿದ್ದರೆ ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ಕುಸಿಯಬಹುದು, ಪ್ರಜ್ಞೆ ತಪ್ಪಬಹುದು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲೇ ಇದನ್ನು ಪತ್ತೆ ಮಾಡಬಹುದು. ನಮಗೆ ಗೊತ್ತಾಗಿದ್ದು ಅವಳು ಕುಸಿದು ಬಿದ್ದ ಮೇಲೆ. ಆ ಪರೀಕ್ಷೆಯ ಬಗ್ಗೆ ಬೇರೆ ಪತ್ರವನ್ನೇ ಬರೆಯುತ್ತೇನೆ. ಇವತ್ತಿನ ಮಾತು ಬೇರೆ.

ಅಪರೂಪದ ಕಾಯಿಲೆ ಇರುವ ಕುಟುಂಬಗಳಿಗೆ ನೆರವಾಗುವ ಒಂದು ಸೇವಾ ಸಂಸ್ಥೆಯಲ್ಲಿ ನಾನು ಸ್ವಯಂಸೇವಕಿ. ಫೋನ್ ಎತ್ತುವುದು ನನ್ನ ಕೆಲಸ. ಮಕ್ಕಳು ಮಲಗಿದ ಮೇಲೆ ಕರೆಗಳು ಜಾಸ್ತಿ.

ಎಲ್ಲರೂ ಮೊದಲು ಔಷಧಿ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಇಲ್ಲ. "ನಮ್ಮ ಮಗು ಥರ ಇನ್ನೊಂದು ಮಗು ಎಲ್ಲಾದರೂ ಇದೆಯಾ?" ಎನ್ನುತ್ತಾರೆ. ಕಾಯಿಲೆಯ ಹೆಸರನ್ನು ಚೀಟಿ ನೋಡಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಆ ಹೆಸರು ಸಿಗುವುದಕ್ಕೇ ವರ್ಷಗಟ್ಟಲೆ ಅಲೆದವರು ಅವರು. "ಬಸುರಿಯಾಗಿದ್ದಾಗ ನಾನೇನಾದರೂ ತಪ್ಪು ಮಾಡಿದೆನಾ?" ಎಂದು ಕೇಳದ ತಾಯಿ ಕಡಿಮೆ. ಇಂಥ ಕಾಯಿಲೆಗಳಲ್ಲಿ ಬಹುಪಾಲು ಜೀನ್‌ನಿಂದ ಬರುವಂಥವು, ನೀವು ತಿಂದದ್ದರಿಂದಲೋ ಮಾಡಿದ್ದರಿಂದಲೋ ಅಲ್ಲ ಎಂದು ಹೇಳುತ್ತೇನೆ. ಕೆಲವರು ಸುಮ್ನೆ ಅಳುತ್ತಾರೆ. ಅವರಾಗಿಯೇ ಇಡುವವರೆಗೂ ನಾನು ಫೋನ್ ಇಡುವುದಿಲ್ಲ.

ಆಮೇಲೆ ತುರ್ತು ಪತ್ರದ ಬಗ್ಗೆ ಹೇಳುತ್ತೇನೆ. ಇದು ಕಾಯಿಲೆ, ಮೊದಲು ಮಾಡಬೇಕಾದದ್ದು ಇದು ಎಂದು ತಜ್ಞ ವೈದ್ಯರು ಸಹಿ ಹಾಕಿ ಕೊಡುವ ಒಂದು ಪುಟ. ನನ್ನ ಮಗಳ ಪತ್ರದಲ್ಲಿ "ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಗ್ಲೂಕೋಸ್ ಡ್ರಿಪ್ ಹಾಕಿ" ಎಂದಿದೆ. ಒಂದು ರಾತ್ರಿ ತುರ್ತು ವಿಭಾಗದಲ್ಲಿದ್ದ ಯುವ ವೈದ್ಯರು ಈ ಕಾಯಿಲೆಯ ಹೆಸರೇ ಕೇಳಿರಲಿಲ್ಲ. ಅವರ ತಪ್ಪಲ್ಲ. ಅಪರೂಪದ ಕಾಯಿಲೆಗಳು 6,000ಕ್ಕೂ ಹೆಚ್ಚಿವೆ, ಯಾರಿಗೆ ತಾನೇ ಎಲ್ಲ ನೆನಪಿರುತ್ತದೆ? ಅವರು ಪತ್ರ ಓದಿದರು, ತಕ್ಷಣ ಡ್ರಿಪ್ ಹಾಕಿಸಿದರು. ಅದಕ್ಕೂ ಹಿಂದಿನ ಸಲ ನಮ್ಮ ಹತ್ತಿರ ಪತ್ರ ಇರಲಿಲ್ಲ. ಅವಳು ನನ್ನ ಮಡಿಲಲ್ಲಿ ತೂಕಡಿಸುತ್ತಿದ್ದಳು, ನಾವು ಸಾಲಿನಲ್ಲಿ ಕೂತಿದ್ದೆವು. ಅಂಥದ್ದೊಂದು ಪತ್ರ ಮಾಡಿಸಿಕೊಳ್ಳಬಹುದು ಎಂದು ನನಗೆ ತಿಳಿಸಿದ್ದು ಯಾವ ಆಸ್ಪತ್ರೆಯೂ ಅಲ್ಲ. ಇನ್ನೊಬ್ಬ ತಾಯಿ.

ಕಳೆದ ವರ್ಷ ಮಗಳು ಆಸ್ಪತ್ರೆ ಸೇರಿದಾಗ ನಾಲ್ಕು ದಿನ ನಾನು ಆ ಫೋನ್ ಮುಟ್ಟಲಿಲ್ಲ. ಸರದಿಯಲ್ಲಿದ್ದ ಇನ್ನೊಬ್ಬರ ಮಗನಿಗೂ ಅದೇ ವಾರ ಹುಷಾರಿರಲಿಲ್ಲ. ಮನೆಗೆ ಬಂದು ನೋಡಿದರೆ ಒಂದೇ ನಂಬರಿನಿಂದ ಹನ್ನೊಂದು ಕರೆ. ವಾಪಸ್ ಮಾಡಿದೆ. "ಪರವಾಗಿಲ್ಲ, ನಿಮಗೂ ಕಷ್ಟ ಇರುತ್ತದೆ ಅಲ್ವಾ" ಎಂದರು ಆಕೆ. ಆ ಮಾತು ಇನ್ನೂ ಚುಚ್ಚುತ್ತಿದೆ. ಈ ಫೋನ್ ಎತ್ತುವವರೆಲ್ಲ ಕಾಯಿಲೆ ಇರುವ ಮಕ್ಕಳ ಅಪ್ಪ ಅಮ್ಮಂದಿರೇ. ನಮ್ಮ ಮಕ್ಕಳು ಹುಷಾರು ತಪ್ಪಿದರೆ ಫೋನಿನ ಆ ಕಡೆ ಇರುವವರಿಗೂ ಯಾರೂ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಮಕ್ಕಳಿಗೆ ಚಿಕಿತ್ಸೆ ಕೊಡುವ ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಅಪರೂಪದ ಕಾಯಿಲೆಗಳಿಗೆಂದೇ ಒಬ್ಬ ನರ್ಸನ್ನು ಸಂಬಳ ಕೊಟ್ಟು ನೇಮಿಸಿ. ಕಾಯಿಲೆಯ ಹೆಸರು ಹೇಳಿದ ವಾರದೊಳಗೆ ಅವರು ಆ ಮನೆಗೆ ಫೋನ್ ಮಾಡಲಿ. ತುರ್ತು ಪತ್ರ ಮಾಡಿಸಿಕೊಡಲಿ. ನರರೋಗ, ಶ್ವಾಸಕೋಶ, ಫಿಸಿಯೋಥೆರಪಿ ಎಂದು ಬೇರೆ ಬೇರೆ ದಿನ ಓಡಿಸುವ ಬದಲು ಒಂದೇ ದಿನ ಎಲ್ಲರನ್ನೂ ನೋಡುವ ಹಾಗೆ ಹೊಂದಿಸಲಿ. ಅವರು ರಜೆ ಹಾಕಿದರೆ ಆ ಕೆಲಸಕ್ಕೆ ಇನ್ನೊಬ್ಬರು ಇರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ.

ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2021ರಲ್ಲಿ, ವಿಶ್ವ ಆರೋಗ್ಯ ಸಭೆ 2025ರಲ್ಲಿ ನಮ್ಮಂಥವರ ಪರವಾಗಿ ನಿರ್ಣಯ ಮಾಡಿವೆ. ಆ ನಿರ್ಣಯಗಳು ಇನ್ನೂ ನಮ್ಮ ವಾರ್ಡಿನ ಬಾಗಿಲಿಗೆ ಬಂದಿಲ್ಲ.

ನಿಮ್ಮ ಇಲಾಖೆಯ ಒಬ್ಬ ಅಧಿಕಾರಿಯನ್ನು ಒಂದು ರಾತ್ರಿ ನಮ್ಮ ಜೊತೆ ಕೂರಲು ಕಳಿಸಿ. ಕರೆ ಮಾಡಿದವರು ಒಪ್ಪಿದರೆ ಅವರ ಮಾತು ಕೇಳಲಿ. ಒಂಬತ್ತು ಗಂಟೆಗೆ ಬಂದರೆ ಸಾಕು.

ಇಂತಿ,
ಒಬ್ಬ ತಾಯಿ