ದೋಸ್ತ, ಆ ಎಂಟು ಸಿಲಿಂಡರಿನ ವಿಷಯ

ದೋಸ್ತ,

ನಿನ್ನೆ ನೆಹರು ಗಂಜ್‌ನಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು, ತನ್ನ ಗೆಳೆಯನಿಗೆ ಮೊಬೈಲಿನಲ್ಲಿ ಫೋರ್ಡ್ ಕಂಪನಿಯ ಪಿಕಪ್ ಗಾಡಿ ತೋರಿಸುತ್ತಾ ಹೇಳುತ್ತಿದ್ದ: "ರೇಂಜರ್ ರಾಪ್ಟರ್‌ಗೆ ವಿ8, ಎಂಟು ಸಿಲಿಂಡರಿನ ಎಂಜಿನ್, ಬರ್ಲತ್ತದ. ಪಕ್ಕಾ ಸುದ್ದಿ. ಆಸ್ಟ್ರೇಲಿಯಾದಾಗ ಟೆಸ್ಟಿಂಗೂ ಆಗ್ಯಾದ."

ನಾನು ಸುಮ್ನೆ ಇರಬೇಕಿತ್ತು. "ಯಾರು ಹೇಳಿದ್ರು?" ಅಂದೆ.

"ಪುಣೆದಾಗ ನಮ್ಮಣ್ಣನ ಗುರ್ತಿನವರು ಒಬ್ರು ಅದಾರ್ರಿ. ಅವರಿಗೆ ಒಳಗಿನ ಸುದ್ದಿ ಸಿಗ್ತದ."

ಪುಣೆಯ ಆ ಒಬ್ರು ನೀನು. ನಿನಗೆ ಒಳಗಿನ ಸುದ್ದಿ ಕೊಟ್ಟವನು ನಾನು. ನಾನು ಕೊಟ್ಟಾಗ ಅದರಲ್ಲಿ ಟೆಸ್ಟಿಂಗ್ ಇರಲಿಲ್ಲ. ಅದನ್ನು ನೀನು ಸೇರಿಸಿದೆಯೋ, ಸೊಲ್ಲಾಪುರದ ಹತ್ತಿರ ತಾನೇ ಬಂದು ಹತ್ತಿಕೊಂಡಿತೋ, ನೀನೇ ಹೇಳಬೇಕು.

ಇದನ್ನು ನಿನ್ನ ವಾಟ್ಸಾಪಿಗೇ ಕಳಿಸಬಹುದಿತ್ತು. ಕಳಿಸಿದರೆ ಒಂದು ಹೆಬ್ಬೆರಳು ಒತ್ತಿ ಮಲಗಿಬಿಡುತ್ತೀಯ. ನಾಲ್ಕು ಜನರ ಮುಂದೆ ಹೇಳಿದರೆ ಉತ್ತರ ಕೊಡಲೇಬೇಕು. ಟಾರ್ಪಾಲ್ ವಿಷಯದಲ್ಲಿ ನೀನು ನನಗೆ ಮಾಡಿದ್ದೂ ಇದೇ ಅಲ್ವಾ?

ಓದುತ್ತಿರುವ ಆ ನಾಲ್ಕು ಜನಕ್ಕೆ ಸ್ವಲ್ಪ ಹಿಂದಿನ ಕತೆ ಹೇಳಬೇಕು. ನೀನು ಅಷ್ಟೊತ್ತು ನಿನ್ನ ಬದನೆಕಾಯಿ ಲೆಕ್ಕ ಮುಗಿಸಿಕೋ.

2018ರ ಫೆಬ್ರವರಿಯಲ್ಲಿ ಬ್ಯಾಂಕಾಕ್‌ನಲ್ಲಿ ಫೋರ್ಡ್‌ನವರು ಮೊದಲ ರೇಂಜರ್ ರಾಪ್ಟರ್ ತೋರಿಸಿದಾಗ ನಾವಿಬ್ಬರೂ ಕಲಬುರಗಿಯಲ್ಲೇ ಇದ್ದೆವು. ಊರಿನ ಅಪ್ಪನ ಕೆರೆಯ ದಂಡೆ, ಒಂದು ಪ್ಲೇಟ್ ಮಿರ್ಚಿ, ಒಂದೇ ಮೊಬೈಲ್. ಫಾಕ್ಸ್ ಶಾಕ್ ಅಬ್ಸಾರ್ಬರ್, ಅಗಲವಾದ ಮೈ, ದಿಬ್ಬದಿಂದ ಹಾರಿದರೂ ನಡು ಮುರಿಯದ ಚಾಸಿ. ಆದರೆ ಬಾನೆಟ್ ಎತ್ತಿದರೆ 2.0 ಲೀಟರಿನ ಡೀಸೆಲ್. ಎರಡು ಟರ್ಬೊ, 213 ಪಿಎಸ್ ಶಕ್ತಿ, 500 ಎನ್‌ಎಂ ಟಾರ್ಕ್, ಅಂದರೆ ಗಾಲಿ ತಿರುಗಿಸುವ ಬಲ. ಮಿರ್ಚಿ ಕೈಯಲ್ಲೇ ಹಿಡಿದು ನೀನು ಹೇಳಿದೆ: "ಪೈಲ್ವಾನನ ಮೈ, ಗುಮಾಸ್ತನ ಎದಿ."

ಅಲ್ಲಿಂದ ಜಗಳ ಶುರು. ಮಸ್ಟಾಂಗ್ ಕಾರಿನ 5.0 ಲೀಟರ್ ವಿ8 ಎಂಜಿನ್ ಇದಕ್ಕೆ ಇಳಿಸಲೇಬೇಕು ಅಂತ ನೀನು. ಅಷ್ಟು ದೊಡ್ಡ ಎಂಜಿನ್ ಕೂತರೆ ಮೂಗು ಭಾರವಾಗುತ್ತದೆ, ಹೊಗೆಯ ನಿಯಮಗಳು ಬಿಗಿಯಾಗುತ್ತಿವೆ, 3.0 ಲೀಟರಿನ ವಿ6 ಡೀಸೆಲ್ ಬರುತ್ತದೆ ಅಂತ ನಾನು. ಕಲ್ಲು ಹತ್ತಲು ಬೇಕಾದ್ದು ಟಾರ್ಕ್, ಅದೂ ಎಂಜಿನ್ ಮೆಲ್ಲಗೆ ತಿರುಗುವಾಗ, ಕೆಳಗಿನ ಆರ್‌ಪಿಎಂನಲ್ಲಿ ಅಂತ ನಾನು ನಿನಗೆ ಕನಿಷ್ಠ ಇನ್ನೂರು ಸಲ ಹೇಳಿರಬೇಕು. ನೀನು ಇನ್ನೂರು ಸಲವೂ "ಶಬ್ದಕ್ಕರೆ ವಿ8 ಬೇಕಲೇ" ಅಂದೆ.

ಇದರ ನಡುವೆ, 2021ರ ಸೆಪ್ಟೆಂಬರ್‌ನಲ್ಲಿ, ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಅವರ ಎಸ್‌ಯುವಿ ಎಂಡೀವರ್ ಹೋಯಿತು. ರೇಂಜರ್ ಅಂತೂ ನಮ್ಮ ದೇಶದಲ್ಲಿ ಮಾರಾಟಕ್ಕೇ ಬಂದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ನಮ್ಮ ಜಗಳ ಇನ್ನೂ ಜಾಸ್ತಿ ಆಯಿತು. ಹೇಗೂ ಕೊಳ್ಳುವುದಿಲ್ಲ, ಮೈಲೇಜಿನ ಚಿಂತೆ ಇಲ್ಲ ನೋಡು.

2022ರ ಫೆಬ್ರವರಿಯಲ್ಲಿ ಹೊಸದು ಬಂತು. 3.0 ಲೀಟರ್, ವಿ6, ಎರಡು ಟರ್ಬೊ. ಪೆಟ್ರೋಲು! 397 ಪಿಎಸ್, 583 ಎನ್‌ಎಂ. ನಿನ್ನ ಎಂಟು ಸಿಲಿಂಡರೂ ಇಲ್ಲ, ನನ್ನ ಡೀಸೆಲೂ ಇಲ್ಲ. ಇಬ್ಬರೂ ಸೋತಾಗ ಮಿರ್ಚಿ ದುಡ್ಡು ಯಾರು ಕೊಡಬೇಕು ಅನ್ನುವುದು ಇವತ್ತಿಗೂ ತೀರ್ಮಾನ ಆಗಿಲ್ಲ.

ಆವತ್ತು ಖುಷಿ ಆಗಬೇಕಿತ್ತು. ಹೆಚ್ಚು ಕಡಿಮೆ ಎರಡು ಪಟ್ಟು ಶಕ್ತಿ, ನಾವು ನಾಲ್ಕು ವರ್ಷ ಬಾಯಿ ಬಡಿದುಕೊಂಡಿದ್ದು ಅದಕ್ಕೇ. ಆದರೆ ಸಂಜೆ ಕೆರೆ ದಂಡೆಯಲ್ಲಿ ಕೂತು ಅರ್ಧ ಗಂಟೆ ನಾವಿಬ್ಬರೂ ಸುಮ್ಮನೆ ಮಿರ್ಚಿ ತಿಂದೆವು. ಮಾತಾಡಲು ಏನೂ ಇರಲಿಲ್ಲ. ನಿನಗೆ ಅದು ನೆನಪಿದೆಯೋ ಇಲ್ಲವೋ. ಮರುವರ್ಷ ನೀನು ಪುಣೆಗೆ ಹೋದೆ. ಆಮೇಲೆ ನಿನ್ನ ಮೆಸೇಜು ಹಬ್ಬಕ್ಕಷ್ಟೇ ಬರತೊಡಗಿದವು. ದೀಪಾವಳಿಗೆ ಬಂದದ್ದಂತೂ ಎಲ್ಲರಿಗೂ ಕಳಿಸಿದ ಅದೇ ದೀಪದ ಚಿತ್ರ. ನನ್ನ ಕಡೆಯಿಂದ ಹೋದದ್ದೂ ಅಂಥದ್ದೇ ಬಿಡು.

ಈಗ ಸುಳ್ಳಿನ ವಿಷಯ. ಅದನ್ನು ಕಟ್ಟಿದ ಕೈಚಳಕವನ್ನಾದರೂ ಮೆಚ್ಚಬೇಕು ನೀನು. ರೇಂಜರಿನ ದೊಡ್ಡಣ್ಣ ಎಫ್-150 ರಾಪ್ಟರ್‌ನಿಂದ 2017ರ ಮಾದರಿಯಲ್ಲಿ ವಿ8 ತೆಗೆದು ವಿ6 ಹಾಕಿದ್ದರು. ಜನ ಗೊಣಗಿದರು. ಕೊನೆಗೆ 2023ಕ್ಕೆ ರಾಪ್ಟರ್ ಆರ್ ಅಂತ 5.2 ಲೀಟರಿನ ಸೂಪರ್‌ಚಾರ್ಜ್ಡ್ ವಿ8, 700 ಎಚ್‌ಪಿಯದ್ದು ಬಂತು. ಇದೆಲ್ಲ ನಿಜ. ನಾನು ಇದರ ಬಾಲಕ್ಕೆ ಒಂದೇ ಸಾಲು ಕಟ್ಟಿದೆ: "ತಮ್ಮನಿಗೂ ವಿ8 ಬರುತ್ತದಂತೆ, 460 ಎಚ್‌ಪಿ ಅಂತೆ, ಆಸ್ಟ್ರೇಲಿಯಾದಲ್ಲಿ ನನ್ನ ಪರಿಚಯದವರೊಬ್ಬರು ಹೇಳಿದರು." ಆಸ್ಟ್ರೇಲಿಯಾದಲ್ಲಿ ನನಗೆ ಯಾರು ಪರಿಚಯ ಇದ್ದಾರೋ ಮಾರಾಯ? ಜೇವರ್ಗಿ ದಾಟಿದರೆ ನನ್ನ ಗುರುತು ಹಿಡಿಯುವವರಿಲ್ಲ. ಅದನ್ನಾದರೂ ನೀನು ಕೇಳಬೇಕಿತ್ತು.

ಕಳಿಸಿದ್ದು ರಾತ್ರಿ ಎರಡು ಗಂಟೆಗೆ. ಆಸ್ಪತ್ರೆಯ ವರಾಂಡದಿಂದ.

ಅಪ್ಪನಿಗೆ ಲಕ್ವಾ ಹೊಡೆದಿತ್ತು. ಎಡಗೈ, ಎಡಗಾಲು. ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಒಂದೇ ಪ್ಲಗ್ಗು, ಅದಕ್ಕೆ ಆರು ಮೊಬೈಲು ಜೋತಾಡುತ್ತಿದ್ದವು. ನನ್ನ ಸರದಿ ಬಂದಾಗ ಅಲ್ಲೇ ಗೋಡೆಗೆ ಒರಗಿ, ವೈರ್ ಸಾಲದೆ ಕತ್ತು ಬಗ್ಗಿಸಿ ನಿಂತು ನಿನಗೆ ಬರೆದೆ. "ಅಪ್ಪಗ ಆರಾಮಿಲ್ಲ." ಅಳಿಸಿದೆ. ನಾಲ್ಕು ತಿಂಗಳು ಮಾತಿಲ್ಲ, ಈಗ ಇದರಿಂದ ಶುರು ಮಾಡಿದರೆ ರೊಕ್ಕ ಕೇಳುತ್ತಿದ್ದಾನೆ ಅಂದುಕೊಳ್ಳುತ್ತೀಯ ಅನಿಸಿತು. ಕೇಳಬೇಕು ಅಂತಲೂ ಇತ್ತು, ಅದು ಬೇರೆ ಮಾತು. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಬೆರಳು ತಾನೇ ಎಂಟು ಸಿಲಿಂಡರ್ ಬರೆಯಿತು.

ಹತ್ತು ನಿಮಿಷದಲ್ಲಿ ನಿನ್ನ ಉತ್ತರ ಬಂತು. "ಏನಂದಿ? ವಿ8?" ಅಂತ. ಬೆಳಗಿನ ಐದರ ತನಕ ಆ ಎಂಜಿನ್ನಿಗೆ ಜಾಗ ಮಾಡಲು ರೇಡಿಯೇಟರ್ ಎಷ್ಟು ಮುಂದೆ ಸರಿಯಬೇಕು ಅಂತ ಇಬ್ಬರೂ ಲೆಕ್ಕ ಹಾಕಿದೆವು. ನಿಜ ಹೇಳುತ್ತೇನೆ, ಆ ಮೂರು ಗಂಟೆ ನನ್ನ ಕೈ ನಡುಗಲಿಲ್ಲ. ಐದಕ್ಕೆ ನರ್ಸಮ್ಮ ಬಂದು ಅಪ್ಪನ ಹೆಸರು ಕೂಗಿದಾಗ ನಾನು ನಿನಗೆ "ಡಿಫರೆನ್ಶಿಯಲ್ ಬಗ್ಗೆ ಆಮೇಲೆ ಹೇಳ್ತೀನಿ" ಅಂತ ಬರೆದು ಒಳಗೆ ಓಡಿದೆ.

ಆಮೇಲೆ ಹೊಳೆಯಿತು. ರಾತ್ರಿ ಎರಡಕ್ಕೆ ನೀನೂ ಎಚ್ಚರ ಇದ್ದೆ. ಯಾಕೆ ಅಂತ ನಾನು ಕೇಳಲಿಲ್ಲ. ಅಷ್ಟೊತ್ತಿಗೆ ಯಾಕೆ ಎದ್ದಿದ್ದೀ ಅಂತ ನೀನೂ ಕೇಳಲಿಲ್ಲ. ಆಮೇಲಿನ ಒಂದು ತಿಂಗಳು ದಿನಾ ರಾತ್ರಿ ಮಾತಾಡಿದೆವು, ಇಲ್ಲದ ಎಂಜಿನ್ ಬಗ್ಗೆ.

ಅಪ್ಪ ಈಗ ಅಡ್ಡಾಡುತ್ತಾನೆ. ಎಡಗೈಯಲ್ಲಿ ಹಿಡಿತ ಇಲ್ಲ. ಅಂದರೆ ಗೇರು ಹಾಕಲು ಆಗುವುದಿಲ್ಲ, ಅಂದರೆ ನಮ್ಮ ಬೊಲೆರೊ ಪಿಕಪ್ ಈಗ ನನ್ನ ಪಾಲಿಗೆ ಬಿದ್ದಿದೆ. 75 ಎಚ್‌ಪಿ. ಹೋದ ವಾರ ಉತ್ತರಿ ಮಳೆ ಹೊಡೆದ ಮರುದಿನ ಹೊಲ ನೋಡಬೇಕು ಅಂತ ಹಟ ಹಿಡಿದ. ಕರೆದುಕೊಂಡು ಹೋದೆ. ಎರಿ ಭೂಮಿ ನಿನಗೆ ಗೊತ್ತಲ್ಲ, ನೀರು ಕುಡಿದರೆ ಉಬ್ಬುತ್ತದೆ, ಟೈರಿನ ಹಲ್ಲೆಲ್ಲ ತುಂಬಿಕೊಂಡು ಗಾಲಿ ಬೋಳಾಗುತ್ತದೆ. ಗಾಡಿ ಖಾಲಿ, ಹಿಂದೆ ಭಾರವೇ ಇಲ್ಲ, ಎಳೆಯುವುದು ಹಿಂದಿನ ಗಾಲಿಗಳೇ. ನಾನು ರಾಪ್ಟರ್ ಓಡಿಸುವವನ ಹಾಗೆ ಒತ್ತಿದೆ. ನಂಬರ್ ಪ್ಲೇಟಿನ ತನಕ ಕೆಸರು ಹಾರಿತು.

"ಏ, ಕಾಲ್ ತಗಿ," ಅಂದ ಅಪ್ಪ. "ಗಾಡಿ ಹೊಂಟಿಲ್ಲ, ಬಾವಿ ತೋಡ್ಲತ್ತದ."

ಇಳಿದು, ಬದುವಿನ ಮೇಲೆ ಒಟ್ಟಿದ್ದ ಹೋದ ವರ್ಷದ ತೊಗರಿ ಕಟ್ಟಿಗೆ ತಂದು ಗಾಲಿಯ ಕೆಳಗೆ ತುರುಕಿದೆ. ವಾಪಸ್ ಹತ್ತಿ ಒಂದನೇ ಗೇರಿಗೆ ಕೈ ಹಾಕುವಷ್ಟರಲ್ಲಿ ಅಲ್ಲಿ ಆಗಲೇ ಅಪ್ಪನ ಕೈ ಇತ್ತು. ಎಡಗಡೆ ಸೀಟಿನಲ್ಲಿ ಕೂತವನಿಗೆ ಗೇರು ಬಲಗೈಗೆ ಸಿಗುತ್ತದೆ, ನನಗೆ ಅದು ತಲೆಗೇ ಹೋಗಿರಲಿಲ್ಲ. "ಕ್ಲಚ್ ಒತ್ತು," ಅಂದ. ಸೀದಾ ಎರಡನೇ ಗೇರಿಗೆ ತಳ್ಳಿದ. "ಈಗ ಮೆಲ್ಲಕ ಬಿಡು. ರೇಸ್ ಕೊಡಬ್ಯಾಡ." ಕಟ್ಟಿಗೆ ಚಟಚಟ ಅಂದಿತು. ಗಾಡಿ ಎಮ್ಮೆ ಎದ್ದ ಹಾಗೆ ಎದ್ದು ಬಂತು. ರಸ್ತೆಗೆ ಬರುವ ತನಕ ಗೇರು ಅವನದು, ಕ್ಲಚ್ಚು ನನ್ನದು. ಅಪ್ಪ ಒಂದು ಮಾತೂ ಆಡಲಿಲ್ಲ, ಮೂರನೇ ಗೇರಿಗೆ ಸ್ವಲ್ಪ ಬೇಗನೇ ಹಾಕಿದ. ನನಗೆ ಕಣ್ಣಿಗೆ ಕೆಸರು ಸಿಡಿದಿತ್ತು. ಒಳಗೆ ಕೂತವನಿಗೆ ಹೇಗೆ ಸಿಡಿಯಿತು ಅಂತ ಕೇಳಬೇಡ.

ಸಾಕು. ಜಾಸ್ತಿ ಆಯಿತು. ಬಿಸಿಲಿಗೆ ತಲೆ ಕೆಟ್ಟಿದೆ ಅಂತ ತಿಳ್ಕೋ, ನಮ್ಮೂರಲ್ಲಿ ಇದು ವರ್ಷಪೂರ್ತಿ ನಡೆಯುವ ನೆಪ. ಮುಖ್ಯ ವಿಷಯ ಏನಂದರೆ ವಿ8 ಸುಳ್ಳು, ನೀನು ಪುಣೆಯಲ್ಲಿ ಯಾರ ಯಾರ ಮುಂದೆ ಕೊಚ್ಚಿಕೊಂಡಿದ್ದೀಯೋ ಅವರ ಹತ್ತಿರ ಕ್ಷಮೆ ಕೇಳುವ ಕೆಲಸ ನಿನ್ನದು. ನಾನಂತೂ ಗಂಜ್‌ನ ಆ ಹುಡುಗನಿಗೆ ಸತ್ಯ ಹೇಳಬೇಕು ಅಂತಲೇ ಬಾಯಿ ತೆರೆದೆ. ಅವನ ಮುಖ ನೋಡಿದೆ. "ಸೂಪರ್‌ಚಾರ್ಜರೂ ಅದಂತಲ್ಲೋ ತಮ್ಮ," ಅಂದೆ.

ಈ ವಾರ ಸೊಲ್ಲಾಪುರ ದಾಟಿ ಅದು ನಿನ್ನ ಹತ್ತಿರ ಬರುತ್ತದೆ. ನಂಬಬೇಡ.

ಇಂತಿ ನಿನ್ನ,
75 ಎಚ್‌ಪಿ

ತಾ.ಕ.: ಅಪ್ಪ ನಿನ್ನನ್ನು ಕೇಳುತ್ತಿದ್ದ. "ಆ ಪುಣೆ ಹುಡುಗ ಯಾವಾಗ ಬರ್ತಾನ? ಟಾರ್ಪಾಲ್ ಅವನ ಹತ್ರಾನೇ ಉಳಿದದ" ಅಂತ.