ನಡುಬೆರಳಿನ ಗಾಂಧಾರ

ಪ್ರೀತಿಯ ಗೆಳೆಯ,

ನಾನು ಕಳಿಸಿದ ಊದ್ (ಅರಬ್ಬರ ತಂತಿವಾದ್ಯ) ವಾದನ ಕೇಳಿ, "ಗಾಂಧಾರ ಶ್ರುತಿ ತಪ್ಪಿದೆ ಕಣೋ" ಅಂದೆಯಲ್ಲ, ಆ ಮಾತು ಇನ್ನೂ ತಲೆಯಲ್ಲೇ ಇದೆ. ಅದು ರಾಸ್ತ್ ಮಖಾಮ್, ಅಂದರೆ ನಮ್ಮ ರಾಗದಂಥದ್ದು. ಸ್ವರ ತಪ್ಪಿಲ್ಲ. ನಮ್ಮ ಕರ್ನಾಟಕ ಸಂಗೀತದಲ್ಲಿ ಕೆಳಗಿನ ಸಾಧಾರಣ ಗಾಂಧಾರಕ್ಕೂ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಅವರಿಗೆ ಇನ್ನೊಂದು ಜಾಗ ಇದೆ. ಹಿಂದೆ ಅಂಥದೊಂದು ಜಾಗಕ್ಕೆ ಒಬ್ಬ ವಾದಕನ ಹೆಸರೇ ಇತ್ತು.

ಜಲ್ಜಲ್ ಅಂತ ಅವನ ಹೆಸರು. ಬಾಗ್ದಾದಿನಲ್ಲಿ ಖಲೀಫ ಹಾರೂನ್ ಅಲ್ ರಶೀದನ ಕಾಲದವನು. ಊದ್‌ನ ಮೇಲೆ ನಡುಬೆರಳು ಊರುವ ಜಾಗಕ್ಕೆ ಅರಬ್ಬಿಯಲ್ಲಿ 'ವುಸ್ತಾ' ಅನ್ನುತ್ತಾರೆ. ಅದರಲ್ಲಿ ಒಂದು 'ಪಾರಸಿಗಳ ವುಸ್ತಾ', ಅಂದರೆ ಇರಾನಿನವರದು. ಅದಕ್ಕಿಂತ ಸ್ವಲ್ಪ ಮೇಲಿನ ಸ್ವರ ಕೊಡುವುದು 'ಜಲ್ಜಲನ ವುಸ್ತಾ'. 10ನೇ ಶತಮಾನದಲ್ಲಿ ಫಾರಾಬಿ ಎಂಬ ತತ್ವಜ್ಞಾನಿ ಇದರ ಲೆಕ್ಕ ಬರೆದಿಟ್ಟ. ಇಡೀ ತಂತಿಯನ್ನು 27 ಪಾಲು ಮಾಡಿದರೆ 22 ಪಾಲು ಮಿಡಿಯಬೇಕು. ಆಗಿನ ಊದ್‌ನ ನಾಲ್ಕು ತಂತಿಗಳ ಹೆಸರಲ್ಲೂ ಪಾರಸಿ, ಅರಬ್ಬಿ ಬೆರೆತಿವೆ. ಅತಿ ದಪ್ಪದ್ದು 'ಬಮ್', ಅತಿ ತೆಳುವಾದದ್ದು 'ಜೀರ್', ಎರಡೂ ಪಾರಸಿ. ನಡುವಿನ ಎರಡಕ್ಕೆ ಅರಬ್ಬಿ ಹೆಸರು.

ಪಾರಸಿ, ಅರಬ್ಬಿ ಸಂಗೀತದ ಈ ಬೆರಕೆ ಆದದ್ದು ಎಲ್ಲಿ ಗೊತ್ತಾ? ಎಲ್ಲರೂ ಬಾಗ್ದಾದಿನ ದರ್ಬಾರಿನ ಕಥೆ ಹೇಳುತ್ತಾರೆ. ನನಗೆ ಅದಕ್ಕಿಂತ ನೂರು ವರ್ಷ ಹಿಂದಿನದೇ ಜಾಸ್ತಿ ಇಷ್ಟ. ಮದೀನಾದಲ್ಲಿ ನಶೀತ್ ಎಂಬ ಪಾರಸಿ ಗುಲಾಮನಿದ್ದ. ಅವನ ಹಾಡು ಜನರಿಗೆ ಹುಚ್ಚು ಹಿಡಿಸಿತು. ಅದನ್ನು ಕೇಳಿ ಅಲ್ಲಿನ ಗಾಯಕ ಸಾಯಿಬ್ ಖಾಸಿರ್ ಅದೇ ಧಾಟಿಯಲ್ಲಿ ಅರಬ್ಬಿ ಹಾಡು ಕಟ್ಟಿದ. ಇವನ ಅಪ್ಪನೂ ಪಾರಸಿ ಗುಲಾಮನೇ. ಆಮೇಲೆ ನಶೀತ್ ಕೂಡ ಅರಬ್ಬಿ ಹಾಡುಗಳನ್ನು ಕಲಿತ.

ಮೆಕ್ಕಾದ ಕಥೆ ಇನ್ನೂ ಚೆಂದ. 683ರ ಮುತ್ತಿಗೆಯಲ್ಲಿ ಕಾಬಾಕ್ಕೆ ಬೆಂಕಿ ಬಿತ್ತು. ಅದನ್ನು ಮತ್ತೆ ಕಟ್ಟಲು ಬಂದ ಪಾರಸಿ ಕೆಲಸಗಾರರು ಕಲ್ಲು ಹೊರುತ್ತಾ ಹಾಡಿಕೊಳ್ಳುತ್ತಿದ್ದರಂತೆ. ಮೆಕ್ಕಾದ ಗಾಯಕ ಇಬ್ನ್ ಮಿಸ್ಜಹ್ ಅದನ್ನು ಕೇಳಿ ತನ್ನ ಹಾಡಿಗೆ ತಂದುಕೊಂಡ. ಅಷ್ಟಕ್ಕೇ ಬಿಡದೆ ಸಿರಿಯಾಕ್ಕೂ ಪಾರಸಿಗಳ ನಾಡಿಗೂ ಹೋಗಿ ಕಲಿತು ಬಂದ. ತನ್ನ ಹಾಡಿಗೆ ಒಗ್ಗದ್ದನ್ನು ಅಲ್ಲೇ ಬಿಟ್ಟ. ಆ ಕೆಲಸಗಾರರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ನನಗೆ ತುಂಬಾ ಬೇಜಾರಾಗುವುದು ಅದಕ್ಕೇ.

ಜಲ್ಜಲನ ಬಾಳೂ ಸುಖವಾಗಿರಲಿಲ್ಲ. ಹಾರೂನ್ ಅವನನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟ. ಅವನ ಭಾವ ಇಬ್ರಾಹಿಂ ಅಲ್ ಮೌಸಿಲಿ, ದರ್ಬಾರಿನ ದೊಡ್ಡ ಗಾಯಕ, ಪಾರಸಿ ಮನೆತನದವನು. ಅವನಿಗೂ ಸೆರೆಮನೆ ಹೊಸದಲ್ಲ. ಖಲೀಫ ಮಹ್ದಿ ಅವನನ್ನು ಒಳಗೆ ಹಾಕಿಸಿದ್ದಾಗ ಅಲ್ಲೇ ಓದು ಬರಹ ಕಲಿತವನು. ಇಬ್ರಾಹಿಂ ಜಲ್ಜಲನನ್ನು ನೆನೆದು ಹಾರೂನನ ಮುಂದೆ ಹಾಡಿದ ಮೇಲೆ ಜಲ್ಜಲನ ಬಿಡುಗಡೆಯಾಯಿತು ಅಂತ ಹೇಳುತ್ತಾರೆ. ಹೊರಗೆ ಬಂದಾಗ ಜಲ್ಜಲನ ತಲೆಗೂದಲು, ಗಡ್ಡ ಬೆಳ್ಳಗಾಗಿತ್ತಂತೆ. ಅವನು ಊರಿಗೆಂದು ತೋಡಿಸಿದ ಕೊಳವನ್ನು ಬಾಗ್ದಾದಿನ ಜನ ಅವನ ಹೆಸರಿನಿಂದಲೇ ಕರೆದರು.

ಭಾನುವಾರ ಬರುವಾಗ ಪಿಟೀಲು ತಗೊಂಡು ಬಾ. ವೀಣೆಗೆ ಇರುವಂಥ ಮೆಟ್ಟಿಲು ಅದಕ್ಕಿಲ್ಲ, ಬೆರಳು ಎಲ್ಲಿ ಬೇಕಾದರೂ ನಿಲ್ಲಬಹುದು. ಸಾಧಾರಣ ಗಾಂಧಾರದಿಂದ ಮೆಲ್ಲಗೆ ಮೇಲೆ ಜಾರಿಸು. ಅಂತರ ಗಾಂಧಾರ ಸಿಗುವ ಮೊದಲೇ ನಿಲ್ಲಿಸು. ಷಡ್ಜ ಹಿಡಿದು ನಾನು ಪಕ್ಕದಲ್ಲೇ ಕೂತಿರುತ್ತೇನೆ.

ನಿನ್ನ ಗೆಳೆಯ